ಫಾಗ್ ಲೈಟ್: ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು?

ಚಳಿಗಾಲದಲ್ಲಿ ನಮ್ಮ ಕಲ್ಮಲ ಭಾಗದಲ್ಲಿ ಕೆಲವು ದಿನ ಬೆಳಗಿನ ಜಾವ ಮಂಜು ಕವಿಯುತ್ತದೆ. ಇಲ್ಲಿಂದ ಒಂದು ರಸ್ತೆ ಮಾನ್ವಿ ಕಡೆಗೆ, ಇನ್ನೊಂದು ಲಿಂಗಸುಗೂರು ಕಡೆಗೆ ಒಡೆಯುತ್ತದೆ. ಭತ್ತದ ಲಾರಿ, ಹತ್ತಿ ತುಂಬಿದ ಟ್ರ್ಯಾಕ್ಟರ್, ಬಸ್ಸು, ಬೈಕು ಎಲ್ಲವೂ ಒಂದೇ ಹೊತ್ತಿಗೆ ರಾಯಚೂರಿಗೆ ಹೊರಡುತ್ತವೆ. ಕಾಲೇಜಿಗೆ ಬರುವ ನಾವೂ ಅದೇ ರಸ್ತೆಯಲ್ಲಿರುತ್ತೇವೆ.

ಮಂಜು ಎಂದರೆ ಗಾಳಿಯಲ್ಲಿ ತೇಲುವ ಸಣ್ಣ ನೀರಿನ ಹನಿಗಳು. ಹೈ ಬೀಮ್ ಹಾಕಿದರೆ ಬೆಳಕು ಆ ಹನಿಗಳಿಗೆ ಬಡಿದು ಚಾಲಕನ ಕಣ್ಣಿಗೇ ವಾಪಸ್ ಬರುತ್ತದೆ. ಮುಂದೆ ಬಿಳಿ ಗೋಡೆ ನಿಂತಂತೆ ಕಾಣುತ್ತದೆ. ಆದ್ದರಿಂದ ಮಂಜಿನಲ್ಲಿ ಲೈಟ್ ಡಿಪ್ ಮಾಡಬೇಕು. ಫಾಗ್ ಲೈಟನ್ನು ಬಂಪರ್ ಹತ್ತಿರ ಕೆಳಗೆ ಕೂರಿಸುವುದೂ ಇದೇ ಕಾರಣಕ್ಕೆ. ಅದರ ಬೆಳಕು ಮೇಲಕ್ಕೆ ಹೋಗದೆ ಅಗಲವಾಗಿ ನೆಲದ ಮೇಲೆ ಬಿದ್ದು ರಸ್ತೆಯ ಅಂಚು ತೋರಿಸುತ್ತದೆ. ಹಳದಿಯೋ ಬಿಳಿಯೋ ಎಂಬುದಕ್ಕಿಂತ ದೀಪ ಎಷ್ಟು ಎತ್ತರದಲ್ಲಿದೆ, ಬೆಳಕು ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ.

ಆದರೆ ಫಾಗ್ ಲೈಟ್ ದೂರ ತೋರಿಸುವುದಿಲ್ಲ. ನಾವು ಕಾಮರ್ಸ್ ವಿದ್ಯಾರ್ಥಿಗಳು, ಒಂದು ಲೆಕ್ಕ ನೋಡೋಣ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿನ ವಾಹನ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಹೋಗಿಯೇ ಬಿಡುತ್ತದೆ. 50 ಮೀಟರ್ ಮಾತ್ರ ಕಾಣುತ್ತಿದ್ದರೆ ಉಳಿಯುವುದು 25 ಮೀಟರ್. ಒದ್ದೆ ರಸ್ತೆಯಲ್ಲಿ ಅಷ್ಟರೊಳಗೆ ಗಾಡಿ ನಿಲ್ಲುವುದು ಕಷ್ಟ. 30ರಲ್ಲಿ ಹೋದರೆ 37 ಮೀಟರ್ ಉಳಿಯುತ್ತದೆ. ಜೀವ ಉಳಿಸುವುದು ಮೊದಲು ವೇಗ, ಆಮೇಲೆ ದೀಪ.

ಕೆಲವು ಕಾರುಗಳಿಗೆ ಹಿಂದೆಯೂ ಕೆಂಪು ಫಾಗ್ ಲೈಟ್ ಇರುತ್ತದೆ. ಅದು ಟೇಲ್ ಲೈಟಿಗಿಂತ ಪ್ರಖರ. ಮಂಜು ಕರಗಿದ ಮೇಲೂ ಉರಿಯುತ್ತಿದ್ದರೆ ಹಿಂದಿನವರ ಕಣ್ಣು ಕುಕ್ಕುತ್ತದೆ, ಬ್ರೇಕ್ ಲೈಟ್ ಹತ್ತಿದ್ದೂ ಸರಿಯಾಗಿ ತಿಳಿಯುವುದಿಲ್ಲ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದೂ ತಪ್ಪು; ಗಾಡಿ ಯಾವ ಕಡೆ ತಿರುಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬೈಕಿಗೆ ಹೆಚ್ಚುವರಿ ಎಲ್‌ಇಡಿ ಹಾಕಿಸಿ ಊರೊಳಗೆ ಮಂಜಿಲ್ಲದ ರಾತ್ರಿಯೂ ಉರಿಸುವುದು ಎದುರಿಗೆ ಬರುವವರನ್ನು ಕುರುಡು ಮಾಡಿದಂತೆ.

ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ, ಗೇರ್ ಬೈಕಿಗೂ ಕಾರಿಗೂ ಲೈಸೆನ್ಸ್ ಸಿಗುವುದಿಲ್ಲ. ಆದರೆ ಅಬ್ಬಾ, ಅಣ್ಣ, ಮಾಮನ ಗಾಡಿಯಲ್ಲಿ ಕೂರುವವರು ನಾವೇ. “ಲೈಟ್ ಡಿಪ್ ಮಾಡಿ, ನಿಧಾನ ಹೋಗಿ” ಎಂದು ಹೇಳಬಹುದು. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ, ಧೂಳು ಮೆತ್ತಿದೆಯೇ ಎಂದು ಇವತ್ತೇ ನೋಡಬಹುದು.