ತಲೆ ನರೆತರೂ ತಪ್ಪದ ಪ್ರಶ್ನೆ: 'ನಿಮ್ಮ ಗುರುತಿನ ಚೀಟಿ ಎಲ್ಲಿ?'

ಹೂಡೆ (ಉಡುಪಿ): ಅರವತ್ತು ದಾಟಿದ, ತಲೆ ಪೂರ್ತಿ ನರೆತ ಹಿರಿಯರೊಬ್ಬರು ಅಂಗಡಿಯ ಕೌಂಟರಿನಲ್ಲಿ ಬಿಯರ್ ಬಾಟಲಿ ಕೇಳುತ್ತಾರೆ. ಮೊಮ್ಮಗನ ವಯಸ್ಸಿನ ನೌಕರ ವಿನಯದಿಂದಲೇ ಮರುಪ್ರಶ್ನೆ ಹಾಕುತ್ತಾನೆ: 'ಸರ್, ನಿಮ್ಮ ಗುರುತಿನ ಚೀಟಿ?' ಹಿರಿಯರಿಗೆ ಮೊದಲು ನಗು ಬರುತ್ತದೆ, ಬಳಿಕ ಸಿಟ್ಟು. ನನ್ನ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ ಎಂಬ ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಹಾಗೆಂದು ಕೇಳಿದವನದ್ದು ಉದ್ಧಟತನ ಎನ್ನುವಂತೆಯೂ ಇಲ್ಲ.

ಸಮುದ್ರ ಹಾಗೂ ಸ್ವರ್ಣಾ ನದಿಯ ನಡುವೆ ಚಾಚಿಕೊಂಡಿರುವ ಹೂಡೆ, ಪಕ್ಕದ ಕೋಡಿಬೆಂಗ್ರೆ, ಕೆಮ್ಮಣ್ಣು, ಕಲ್ಯಾಣಪುರ ಪರಿಸರದ ಅನೇಕ ಮನೆಗಳ ಮಕ್ಕಳು ಉದ್ಯೋಗ ನಿಮಿತ್ತ ಮುಂಬೈ, ಕೊಲ್ಲಿ ರಾಷ್ಟ್ರ, ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಿಬರಲು ಹೋಗುವ ಹೆತ್ತವರ ಪೈಕಿ ಊಟಕ್ಕೆ ಮುನ್ನ ಒಂದಿಷ್ಟು ಸೇವಿಸುವ ಅಭ್ಯಾಸವಿರುವವರಿಗೆ ಈ ಪ್ರಶ್ನೆ ಅಲ್ಲಿ ಎದುರಾಗುತ್ತದೆ. ಊರಿನಲ್ಲಿ ಎಂದೂ ಕೇಳದ ಪ್ರಶ್ನೆ ಪರವೂರಿನಲ್ಲಿ ಏಕೆ? ಊರಿನಲ್ಲಿ ಯಾರೂ ಕೇಳದಿರುವುದು ಸರಿಯೇ? ಈ ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ನಮ್ಮ ರಾಜ್ಯದ ಅಬಕಾರಿ ಕಾನೂನಿನ ಒಂದು ಹಳೆಯ ಗೊಂದಲವೂ ಬೆಳಕಿಗೆ ಬರುತ್ತದೆ.

ಹದಿನೆಂಟೋ? ಇಪ್ಪತ್ತೊಂದೋ?

ಸಂವಿಧಾನದ ಏಳನೇ ಅನುಸೂಚಿಯಂತೆ ಮದ್ಯದ ಉತ್ಪಾದನೆ, ಸ್ವಾಧೀನ, ಸಾಗಣೆ ಮತ್ತು ಮಾರಾಟ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ಮದ್ಯ ಖರೀದಿಯ ಕನಿಷ್ಠ ವಯಸ್ಸು ದೇಶದಾದ್ಯಂತ ಒಂದೇ ಆಗಿಲ್ಲ. ಕರ್ನಾಟಕದ ಮಟ್ಟಿಗಂತೂ ಒಂದೇ ರಾಜ್ಯದೊಳಗೆ ಎರಡು ವಯಸ್ಸುಗಳಿವೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಮು 18 ವರ್ಷಕ್ಕಿಂತ ಕೆಳಗಿನವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. ಅದೇ ಕಾಯ್ದೆಯಡಿ 1967ರಲ್ಲಿ ರೂಪುಗೊಂಡ, ಸನ್ನದುಗಳ ಸಾಮಾನ್ಯ ಷರತ್ತುಗಳಿಗೆ ಸಂಬಂಧಿಸಿದ ನಿಯಮಗಳಲ್ಲಿ 10ನೆಯದು 21 ವರ್ಷ ತುಂಬದವರಿಗೆ ಮಾರಬಾರದೆಂದು ವಿಧಿಸುತ್ತದೆ. ಸನ್ನದುದಾರ ಈ ಷರತ್ತುಗಳಿಗೆ ಬದ್ಧನಾಗಿರುವುದರಿಂದ ಅಂಗಡಿಯ ಮಟ್ಟಿಗೆ 21 ಎನ್ನುವುದೇ ಆಚರಣೆಯಲ್ಲಿರುವ ಮಿತಿ.

ಈ ವ್ಯತ್ಯಾಸವನ್ನು ಸರಿಪಡಿಸುವ ಯತ್ನವೊಂದು 2023ರ ಜನವರಿಯಲ್ಲಿ ನಡೆಯಿತು. ನಿಯಮದಲ್ಲಿನ 21ನ್ನು 18ಕ್ಕೆ ಇಳಿಸುವ ಕರಡು ಅಧಿಸೂಚನೆ ಹೊರಡಿಸಿದ ಸರಕಾರ ಸಾರ್ವಜನಿಕರ ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶ ನೀಡಿತ್ತು. ಆದರೆ ವಿರೋಧದ ಕಾವು ಎಷ್ಟಿತ್ತೆಂದರೆ ಅದೇ ತಿಂಗಳಲ್ಲಿ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಬೇಕಾಯಿತು. ವಯಸ್ಸು 21 ಆಗಿಯೇ ಉಳಿಯಿತು. ಆ ವಯಸ್ಸನ್ನು ಕೌಂಟರಿನಲ್ಲಿ ಯಾರು, ಹೇಗೆ ಪರಿಶೀಲಿಸಬೇಕು ಎಂಬ ಪ್ರಶ್ನೆ ಮಾತ್ರ ಅಂದಿನ ಚರ್ಚೆಯಲ್ಲಿ ಹಿಂದೆ ಬಿತ್ತು.

ಹೊಣೆ ಯಾರದು?

ಗ್ರಾಹಕನ ವಯಸ್ಸು ತಪ್ಪಿದರೆ ಮೊದಲು ಸಿಕ್ಕಿಬೀಳುವವನು ಮಾರಾಟಗಾರ. ಅಬಕಾರಿ ನಿಯಮದ ಉಲ್ಲಂಘನೆಯಾದರೆ ಸನ್ನದಿಗೇ ಸಂಚಕಾರ. ಇನ್ನು ಕೊಂಡವನು 18 ತುಂಬದ ಬಾಲಕನಾಗಿದ್ದರೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಮು ಅನ್ವಯವಾಗುತ್ತದೆ. ವೈದ್ಯರ ಆದೇಶವಿಲ್ಲದೆ ಮಗುವಿಗೆ ಅಮಲು ಪದಾರ್ಥ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಈ ಕಲಮು ಅವಕಾಶ ನೀಡುತ್ತದೆ. ಬಾಟಲಿಯೊಂದರ ಲಾಭದ ಮುಂದೆ ಇದು ಸಣ್ಣ ಶಿಕ್ಷೆಯಲ್ಲ.

ತಂಬಾಕಿನ ವಿಚಾರದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿ ಮಾತನಾಡಿದೆ. ಕೊಳ್ಳುವವನು ಅಪ್ರಾಪ್ತನಲ್ಲ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಮಾರುವವನದ್ದೇ. ಅನುಮಾನವಿದ್ದರೆ ವಯಸ್ಸಿನ ಪುರಾವೆ ಕೇಳಬಹುದು ಎಂದು ತಂಬಾಕು ನಿಯಂತ್ರಣ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ ತಂಬಾಕು ಖರೀದಿಯ ಕನಿಷ್ಠ ವಯಸ್ಸು ಕೂಡ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 18ರ ಬದಲು 21 ಆಗಿದೆ.

ಮದ್ಯದ ವಿಚಾರದಲ್ಲಿ ಇಂಥ ಪರಿಶೀಲನೆಯನ್ನು ದೇಶವ್ಯಾಪಿ ಕಡ್ಡಾಯಗೊಳಿಸಬೇಕೆಂದು ಕೋರಿ, ಕುಡಿದು ವಾಹನ ಚಲಾಯಿಸುವುದರ ವಿರುದ್ಧ ಹೋರಾಡುವ ಸಂಘಟನೆಯೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ. 2024ರ ನವೆಂಬರಿನಲ್ಲಿ ನ್ಯಾಯಾಲಯ ಈ ಸಂಬಂಧ ಕೇಂದ್ರ ಸರಕಾರಕ್ಕೆ ನೋಟಿಸು ನೀಡಿತು. ರಾಜ್ಯಕ್ಕೊಂದು ವಯಸ್ಸು ನಿಗದಿಯಾಗಿದ್ದರೂ ಅದನ್ನು ಅಂಗಡಿ, ಬಾರ್‌ಗಳಲ್ಲಿ ಪರಿಶೀಲಿಸುವ ಸಮರ್ಪಕ ವ್ಯವಸ್ಥೆ ಇಲ್ಲವೆಂಬುದು ಅರ್ಜಿಯ ಮುಖ್ಯ ತಕರಾರು.

ನರೆಗೂದಲಿಗೆ ರಿಯಾಯಿತಿ ಏಕಿಲ್ಲ?

21 ತುಂಬಿದೆಯೇ ಎಂಬ ಅನುಮಾನವಿದ್ದರೆ ಕೇಳಲಿ, 65ರವರನ್ನು ಕೇಳುವುದೇಕೆ? ಇದಕ್ಕೆ ವಿದೇಶಗಳಲ್ಲಿ ಎರಡು ಬಗೆಯ ಉತ್ತರಗಳಿವೆ.

ಮೊದಲನೆಯದು ಅಂದಾಜಿನ ದಾರಿ. ಬ್ರಿಟನ್ನಿನಲ್ಲಿ ಮದ್ಯ ಖರೀದಿಯ ವಯಸ್ಸು 18. ಆದರೆ ಹದಿನೇಳು ಯಾವುದು, ಹತ್ತೊಂಬತ್ತು ಯಾವುದು ಎಂದು ಮುಖ ನೋಡಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ 25ಕ್ಕಿಂತ ಕಡಿಮೆ ಎಂದು ಕಾಣುವ ಎಲ್ಲರನ್ನೂ ಕೇಳಬೇಕೆನ್ನುವ 'ಚಾಲೆಂಜ್ 25' ಪದ್ಧತಿ ಅಲ್ಲಿನ ಅಂಗಡಿಗಳಲ್ಲಿ ರೂಢಿಗೆ ಬಂತು. ಸ್ಕಾಟ್ಲೆಂಡಿನಲ್ಲಿ 2011ರ ಅಕ್ಟೋಬರಿನಿಂದ ಇದು ಕಾನೂನಿನ ಕಡ್ಡಾಯವೇ ಆಗಿದೆ. ಕಾನೂನಿನ ವಯಸ್ಸಿಗೂ ಕೇಳುವ ವಯಸ್ಸಿಗೂ ನಡುವೆ ಏಳು ವರ್ಷಗಳ ಅಂತರವಿಟ್ಟು ತಪ್ಪಿಗೆ ಎಡೆಯಿಲ್ಲದಂತೆ ಮಾಡುವುದು ಇದರ ಮರ್ಮ. ಇಲ್ಲಿ ಹಿರಿಯರಿಗೆ ತೊಂದರೆಯಿಲ್ಲ.

ಎರಡನೆಯದು ಎಲ್ಲರನ್ನೂ ಕೇಳುವ ದಾರಿ. 1984ರ ಕಾಯ್ದೆಯ ಮೂಲಕ ಅಮೆರಿಕದ ಕೇಂದ್ರ ಸರಕಾರ, ಮದ್ಯ ಖರೀದಿಯ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನದಲ್ಲಿ ಒಂದು ಪಾಲನ್ನು ತಡೆಹಿಡಿಯುವುದಾಗಿ ಎಚ್ಚರಿಸಿತು. ರಾಜ್ಯಗಳು ಒಂದೊಂದಾಗಿ ದಾರಿಗೆ ಬಂದವು. ಪರಿಶೀಲನೆ ಬಿಗಿಯಾಯಿತು. 2007ರ ಜುಲೈಯಲ್ಲಿ ಟೆನೆಸ್ಸಿ ರಾಜ್ಯ, ಮನೆಗೆ ಬಿಯರ್ ಒಯ್ಯುವ ಪ್ರತಿಯೊಬ್ಬರೂ ವಯಸ್ಸಿನ ಭೇದವಿಲ್ಲದೆ ಗುರುತಿನ ಚೀಟಿ ತೋರಿಸಬೇಕೆಂದು ಕಾನೂನು ಮಾಡಿತು. ಅಲ್ಲಿ ಇಂಥದ್ದು ಮೊದಲು. 2010ರಲ್ಲಿ ಇಂಡಿಯಾನಾ ಕೂಡ ಅದೇ ಹಾದಿ ಹಿಡಿಯಿತು. ಅಜ್ಜ, ಅಜ್ಜಿಯರೂ ಪರ್ಸು ತೆರೆಯಬೇಕಾಗಿ ಬಂದಾಗ ಸಹಜವಾಗಿಯೇ ಅಸಮಾಧಾನ ಭುಗಿಲೆದ್ದಿತು. ಮರುವರ್ಷವೇ ಇಂಡಿಯಾನಾ ನಿಯಮ ಸಡಿಲಿಸಿ, 40ಕ್ಕಿಂತ ಕಡಿಮೆ ಎಂದು ಕಾಣುವವರನ್ನು ಕೇಳಿದರೆ ಸಾಕೆಂದಿತು. ಟೆನೆಸ್ಸಿಯೂ 50 ದಾಟಿದಂತೆ ಕಾಣುವವರಿಗೆ ವಿನಾಯಿತಿ ನೀಡಿತು.

ಆದರೂ ಕಾನೂನು ಕೇಳದ ಕಡೆಯಲ್ಲೂ ಅನೇಕ ಅಂಗಡಿಗಳು ತಮ್ಮದೇ ನಿಯಮದಂತೆ ಎಲ್ಲರನ್ನೂ ಕೇಳುತ್ತವೆ. ಅದಕ್ಕೆ ಅವು ಕೊಡುವ ಕಾರಣ ಸರಳ. ಎಲ್ಲರನ್ನೂ ಕೇಳಿದರೆ ಯಾರನ್ನೂ ಅನುಮಾನಿಸಿದಂತಾಗುವುದಿಲ್ಲ. ನೌಕರ ತನ್ನ ವಿವೇಚನೆ ಬಳಸಿ ತಪ್ಪು ಮಾಡುವ ಪ್ರಮೇಯವೂ ಇರುವುದಿಲ್ಲ. ಕೆಲವೆಡೆ ಜನ್ಮ ದಿನಾಂಕ ನಮೂದಿಸುವ ತನಕ ಬಿಲ್ಲಿನ ಯಂತ್ರ ಮುಂದಕ್ಕೇ ಹೋಗುವುದಿಲ್ಲ. ಎದುರಿಗಿರುವ ಯುವಕನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅವನ ಕೈಯಲ್ಲಿ ಅಧಿಕಾರವೇ ಇಲ್ಲ.

ಗಡಂಗಿನ ಕಾಲ ಮತ್ತು ಈಗ

ಕರಾವಳಿಯ ಹಿರಿಯರಿಗೆ ಇದು ವಿಚಿತ್ರವಾಗಿ ತೋರಲು ಕಾರಣವಿದೆ. ಹಳ್ಳಿಯ ಗಡಂಗಿನಲ್ಲಿ ಕುಳಿತವನಿಗೆ ಬಂದವನು ಯಾರ ಮಗ, ಯಾವ ಮನೆಯವನು ಎಂಬುದೆಲ್ಲ ಗೊತ್ತಿರುತ್ತಿತ್ತು. ಹುಡುಗನೊಬ್ಬ ಬಂದು ನಿಂತರೆ ಸುದ್ದಿ ಸಂಜೆಯೊಳಗೆ ಮನೆ ತಲುಪುತ್ತಿತ್ತು. ಪರಿಚಯವೇ ಗುರುತಿನ ಚೀಟಿಯಾಗಿದ್ದ ಕಾಲವದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಗಡಂಗುಗಳು ಮುಚ್ಚಿದವು. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಮೂರ್ತೆದಾರರ ಶೇಂದಿ ಉಳಿದುಕೊಂಡಿದೆಯಾದರೂ ಬಹುಪಾಲು ವ್ಯಾಪಾರ ವೈನ್ ಶಾಪ್, ಎಂಎಸ್‌ಐಎಲ್ ಮಳಿಗೆ ಹಾಗೂ ಬಾರ್‌ಗಳಿಗೆ ವರ್ಗಾವಣೆಯಾಗಿದೆ. ಅಲ್ಲಿ ಮಾರುವವನಿಗೆ ಕೊಳ್ಳುವವನ ಪರಿಚಯ ಇರಬೇಕೆಂದೇನೂ ಇಲ್ಲ.

ದೇಶದ ಎಲ್ಲೆಡೆಯಿಂದ ವಿದ್ಯಾರ್ಥಿಗಳು ಬಂದು ಸೇರುವ ಮಣಿಪಾಲದಂಥ ಊರಿನಲ್ಲಿ ಈ ಅಪರಿಚಿತತೆ ಇನ್ನೂ ಹೆಚ್ಚು. ಪದವಿ ತರಗತಿಗೆ ಸೇರುವಾಗ 17-18ರ ಆಸುಪಾಸಿನಲ್ಲಿರುವ ಹುಡುಗರು ಓದು ಮುಗಿಸುವ ಹೊತ್ತಿಗೆ 21 ದಾಟಿರುತ್ತಾರೆ. ಒಂದೇ ತರಗತಿಯಲ್ಲಿ ಕೊಳ್ಳಬಹುದಾದವನೂ ಕೊಳ್ಳಬಾರದವನೂ ಅಕ್ಕಪಕ್ಕ ಕುಳಿತಿರುತ್ತಾರೆ. 18ರ ಗೋವಾದಿಂದ ಬಂದವನಿಗೆ ಇಲ್ಲಿನ 21 ಗೊತ್ತಿರಬೇಕೆಂದಿಲ್ಲ. ಇಂಥ ಕಡೆ ಮುಖ ನೋಡಿ ವಯಸ್ಸು ಅಳೆಯುವುದು ಜೂಜಾಟವೇ ಸರಿ.

ಗಡಿ ದಾಟಿದರೆ ಲೆಕ್ಕ ಬೇರೆ

ಉಡುಪಿಯಿಂದ ದಕ್ಷಿಣಕ್ಕೆ ಹೊರಟು ತಲಪಾಡಿ ದಾಟಿ ಕಾಸರಗೋಡು ಜಿಲ್ಲೆಗೆ ಕಾಲಿಟ್ಟರೆ ಮಿತಿ 23 ವರ್ಷ. ಕೇರಳ 2017ರಲ್ಲಿ ಇದನ್ನು 21ರಿಂದ ಏರಿಸಿತು. ಉತ್ತರಕ್ಕೆ ಗೋವಾದಲ್ಲಿ 18. ಕರಾವಳಿಯ ಹೋಟೆಲು ಉದ್ಯಮಿಗಳ ಕರ್ಮಭೂಮಿಯಾದ ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿಯಂಥ ತೀವ್ರ ಮದ್ಯಕ್ಕೆ 25. ಅದೂ ಸಾಲದೆಂಬಂತೆ 1949ರ ಪಾನನಿರೋಧ ಕಾನೂನು ಅಲ್ಲಿ ಈಗಲೂ ಜೀವಂತವಿದ್ದು, ಎಷ್ಟೇ ಹಿರಿಯರಾದರೂ ಕುಡಿಯಲು ಪರವಾನಗಿ ಇರಬೇಕೆನ್ನುತ್ತದೆ. ದಿನಕ್ಕೊಂದು, ವರ್ಷಕ್ಕೊಂದು, ಆಜೀವ ಎಂದು ಅದರಲ್ಲಿ ಬಗೆಗಳಿವೆ.

ದುಬೈಯಲ್ಲಿ ದುಡಿದು ಬಂದವರಿಗೆ ಪರವಾನಗಿ ಹೊಸದಲ್ಲ. ಅಲ್ಲಿ 21 ದಾಟಿದ ಮುಸ್ಲಿಮೇತರ ನಿವಾಸಿಗಳು ಅಂಗಡಿಯಿಂದ ಮದ್ಯ ಕೊಳ್ಳಲು ವೈಯಕ್ತಿಕ ಪರವಾನಗಿ ಹೊಂದಿರಬೇಕು. 2023ರ ಜನವರಿಯಿಂದ ಅದರ ಶುಲ್ಕವನ್ನು ರದ್ದುಪಡಿಸಲಾಯಿತೇ ಹೊರತು ಪರವಾನಗಿಯನ್ನಲ್ಲ.

ಚೀಟಿ ಯಾವುದು? ಜನ್ಮ ದಿನಾಂಕ ಯಾವುದು?

ಕೇಳಿದರೆ ತೋರಿಸೋಣ ಎನ್ನುವ ಹಿರಿಯರಿಗೂ ತೊಡಕು ತಪ್ಪಿದ್ದಲ್ಲ. ನಮ್ಮಲ್ಲಿ ಹಿಂದಿನ ತಲೆಮಾರಿನ ಅನೇಕರ ಜನ್ಮ ದಿನಾಂಕ ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ಶಾಲೆಯ ಮುಖವನ್ನೇ ಕಾಣದವರಿಗೆ ಅದೂ ಇಲ್ಲ. ಆರಂಭದ ಎಷ್ಟೋ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, ದಿನ, ತಿಂಗಳುಗಳಿಲ್ಲ. ಆಧಾರ್ ಎನ್ನುವುದು ಗುರುತಿನ ಪುರಾವೆಯೇ ಹೊರತು ಜನ್ಮ ದಿನಾಂಕದ ಪುರಾವೆಯಲ್ಲವೆಂದು ಪ್ರಾಧಿಕಾರವೇ ಹೇಳಿದೆ. 2024ರ ಅಕ್ಟೋಬರಿನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಕೂಡ ವಯಸ್ಸು ನಿರ್ಧರಿಸಲು ಆಧಾರ್‌ಗಿಂತ ಶಾಲಾ ದಾಖಲೆಯೇ ಮೇಲು ಎಂದಿತು. ಅಂಗಡಿಯ ಕೌಂಟರಿನಲ್ಲಿ ಇಷ್ಟು ಸೂಕ್ಷ್ಮ ಬೇಕಿಲ್ಲ ನಿಜ. ಆದರೆ ವಿದೇಶದ ಯಂತ್ರಕ್ಕೆ ಪೂರ್ತಿ ದಿನಾಂಕವೇ ಬೇಕು.

ಇನ್ನೊಂದು ಕಳವಳ ಖಾಸಗಿತನದ್ದು. ಚೀಟಿ ತೋರಿಸುವುದು ಬೇರೆ, ಅದರ ಪ್ರತಿಯನ್ನು ಬಿಟ್ಟುಬರುವುದು ಬೇರೆ. ವಯಸ್ಸು ನೋಡಲು ಕಣ್ಣೋಟ ಸಾಕು. ಜೆರಾಕ್ಸ್ ಆಗಲಿ, ಮೊಬೈಲಿನಲ್ಲಿ ತೆಗೆದ ಚಿತ್ರವಾಗಲಿ ಬೇಕಿಲ್ಲ. 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ಸಂಸ್ಥೆಗಳು ಆಧಾರ್ ದೃಢೀಕರಣಕ್ಕೆ ಒತ್ತಾಯಿಸಲು ದಾರಿಯಾಗಿದ್ದ ಕಲಮಿಗೆ ಕತ್ತರಿ ಹಾಕಿದೆ. ಆಧಾರನ್ನೇ ತೋರಿಸಬೇಕೆಂದಿದ್ದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮುಸುಕಿನ ಪ್ರತಿಯನ್ನು ಪ್ರಾಧಿಕಾರದ ತಾಣದಿಂದ ಪಡೆದುಕೊಳ್ಳುವ ಸೌಲಭ್ಯವಿದೆ. ಚಾಲನಾ ಪರವಾನಗಿ ಇದ್ದವರಿಗೆ ಅದೇ ಸುಲಭ.

ವಿದೇಶಕ್ಕೆ ಹೊರಟವರು ಗಮನಿಸಬೇಕಾದ ಅಂಶಗಳೂ ಇವೆ. ಭಾರತದ ಚಾಲನಾ ಪರವಾನಗಿಯನ್ನಾಗಲಿ ಆಧಾರನ್ನಾಗಲಿ ಅಲ್ಲಿನ ಅಂಗಡಿಯವರು ಒಪ್ಪಬೇಕೆಂದಿಲ್ಲ, ಪಾಸ್‌ಪೋರ್ಟು ಮಾತ್ರ ನಂಬಿಕೆಗೆ ಅರ್ಹ. ಅಮೆರಿಕದಲ್ಲಿ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುವ ರೂಢಿ ಇರುವುದರಿಂದ ನಮ್ಮ ದಿನಾಂಕ ಕೆಲವೊಮ್ಮೆ ನೌಕರನನ್ನು ಗಲಿಬಿಲಿಗೊಳಿಸುವುದುಂಟು. ಜತೆಗೆ ಹೋದ ಮಗನೋ ಸೊಸೆಯೋ ತಮ್ಮ ಚೀಟಿ ತೋರಿಸಿದರೂ ಕೆಲವು ಅಂಗಡಿಗಳು ಒಟ್ಟಿಗೆ ಬಂದ ಎಲ್ಲರದ್ದನ್ನೂ ಕೇಳುತ್ತವೆ.

ಅವಮಾನವೋ, ಸಮಾನತೆಯೋ?

ಹಿರಿಯರ ಆಕ್ಷೇಪವನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. ಪಿಂಚಣಿಗೆ, ಪಡಿತರಕ್ಕೆ, ಸಿಮ್ ಕಾರ್ಡಿಗೆ, ಲಾಡ್ಜಿನ ಕೋಣೆಗೆ ಎಂದು ದಿನವೂ ತಾನು ತಾನೇ ಎಂದು ರುಜುವಾತುಪಡಿಸಬೇಕಾದ ವ್ಯಕ್ತಿಗೆ ಇದು ಮತ್ತೊಂದು ಹೊರೆ. ಮದ್ಯ ಕೊಳ್ಳುವುದನ್ನೇ ಮುಜುಗರದ ಸಂಗತಿಯೆಂದು ಭಾವಿಸುವ ನಮ್ಮ ಸಮಾಜದಲ್ಲಿ, ಸಾಲಿನಲ್ಲಿ ನಿಂತವರೆಲ್ಲರ ಎದುರು ಹೆಸರಿರುವ ಚೀಟಿ ಹೊರತೆಗೆಯುವುದು ಯಾರಿಗೂ ಹಿತವೆನಿಸದು. 70 ದಾಟಿದವರನ್ನು ಕೇಳುವುದರಿಂದ ಒಬ್ಬನೇ ಒಬ್ಬ ಅಪ್ರಾಪ್ತನನ್ನೂ ತಡೆದಂತಾಗುವುದಿಲ್ಲ ಎಂಬುದೂ ಸತ್ಯ. ಟೆನೆಸ್ಸಿ, ಇಂಡಿಯಾನಾಗಳು ಹಿಂದೆ ಸರಿದು ಒಪ್ಪಿಕೊಂಡದ್ದು ಇದನ್ನೇ.

ಆದರೆ ನಮ್ಮ ರಾಜ್ಯದ ಸಮಸ್ಯೆ ಅದರ ವಿರುದ್ಧ ತುದಿಯಲ್ಲಿದೆ. ಇಲ್ಲಿ ಕೇಳಬೇಕಾದವರನ್ನೂ ಕೇಳುವ ವಾಡಿಕೆ ಬೇರೂರಿಲ್ಲ. ಅಜ್ಜನನ್ನು ಬಿಟ್ಟುಬಿಡುವ ಕಣ್ಣು ಮೊಮ್ಮಗನನ್ನೂ ಬಿಟ್ಟುಬಿಟ್ಟರೆ 21 ಎಂಬ ಅಂಕಿಗೆ ಬೆಲೆಯೇನು? 2023ರಲ್ಲಿ ವಯಸ್ಸು ಇಳಿಸುವುದನ್ನು ವಿರೋಧಿಸಿದ ಉತ್ಸಾಹದ ಅರ್ಧದಷ್ಟನ್ನಾದರೂ ಇರುವ ವಯಸ್ಸನ್ನು ಜಾರಿಗೆ ತರುವುದರಲ್ಲಿ ತೋರಿಸಬೇಕಲ್ಲವೇ?

ಮೂವತ್ತಕ್ಕಿಂತ ಕಡಿಮೆ ಎಂದು ಕಾಣುವ ಪ್ರತಿಯೊಬ್ಬರನ್ನೂ ಕೇಳುವುದು, ಪ್ರತಿ ಇಟ್ಟುಕೊಳ್ಳದಿರುವುದು, ಈ ನಿಯಮವನ್ನು ಕೌಂಟರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕುವುದು: ಈ ಮೂರನ್ನು ಸನ್ನದಿನ ಷರತ್ತಾಗಿ ಸೇರಿಸಿದರೆ ಹಿರಿಯರಿಗೆ ಕಿರಿಕಿರಿಯೂ ಇರದು, ಅಂಗಡಿಯವನಿಗೆ ಭಯವೂ ಇರದು. ಕಾಯ್ದೆಯ 18 ಮತ್ತು ನಿಯಮದ 21ರ ನಡುವಿನ ಗೊಂದಲವನ್ನು ನಿವಾರಿಸುವ ಕೆಲಸವಂತೂ ವಿಧಾನಸೌಧದ್ದು. ಅಲ್ಲಿಯವರೆಗೆ ಕಾನೂನು ಪುಸ್ತಕದಲ್ಲಿ, ತೀರ್ಮಾನ ಮಾತ್ರ ಕೌಂಟರಿನಾಚೆ ನಿಂತ ನೌಕರನ ಕಣ್ಣಳತೆಯಲ್ಲಿ.