ಜೀವಲಕ್ಷಣಗಳಿಗೆ ಏಕಸಂಕೇತ

ಊರಿಗೊಂದು ಸೇರು, ಸಂತೆಗೊಂದು ಕೊಳಗವಿದ್ದ ಕಾಲದಲ್ಲಿ ನಷ್ಟಕ್ಕೀಡಾಗುತ್ತಿದ್ದವನು ಬಡ ರೈತನೇ. 1956ರ ತೂಕ-ಅಳತೆಗಳ ಶಾಸನದ ಮೂಲಕ ಸ್ವತಂತ್ರ ಭಾರತವು ಮೆಟ್ರಿಕ್ ಮಾನವನ್ನು ಅಂಗೀಕರಿಸಿ ಆ ಗೊಂದಲವನ್ನು ಕೊನೆಗಾಣಿಸಿತು. ಧಾನ್ಯಕ್ಕೆ ದೊರೆತ ಈ ವ್ಯವಸ್ಥೆಯು ರೋಗಿಯ ಪ್ರಾಣಕ್ಕೆ ಇನ್ನೂ ಸಂಪೂರ್ಣವಾಗಿ ದೊರೆತಿಲ್ಲವೆಂಬುದು ವಿಚಾರಾರ್ಹವಾದ ಸಂಗತಿ.

ಹೃದಯಬಡಿತ, ಉಸಿರಾಟ, ದೇಹತಾಪ, ರಕ್ತದೊತ್ತಡ ಇವು ರೋಗಿಯ ಜೀವಲಕ್ಷಣಗಳು. ಅನೇಕ ಆಸ್ಪತ್ರೆಗಳು ಇವನ್ನು ಈಗ ಗಣಕಯಂತ್ರದಲ್ಲಿ ಬರೆದಿಡುತ್ತಿವೆ. ಆದರೆ ಒಂದು ಯಂತ್ರದಲ್ಲಿ ‘ಬಿಪಿ’ ಎಂದಿರುವುದು ಇನ್ನೊಂದರಲ್ಲಿ ‘ರಕ್ತದೊತ್ತಡ’ವೆಂದಿರಬಹುದು. ಎರಡೂ ಒಂದೇ ಎಂಬುದನ್ನು ಮನುಷ್ಯನು ಅರಿಯಬಲ್ಲನು. ಯಂತ್ರಕ್ಕೆ ಆ ವಿವೇಕವಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಸಾಗಿಸಲ್ಪಟ್ಟ ಗರ್ಭಿಣಿಯೊಡನೆ ಅವಳ ಅಂಕಿಗಳು ಬಾರದಿದ್ದರೆ, ಒತ್ತಡವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಹೊಸ ವೈದ್ಯನು ತಿಳಿಯುವುದೆಂತು?

ಇದಕ್ಕೆ ಪರಿಹಾರವಿಲ್ಲದಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ರೀಗನ್‌ಸ್ಟ್ರೀಫ್ ಸಂಸ್ಥೆಯು 1994ರಲ್ಲಿ ‘ಲಾಯಿಂಕ್’ ಎಂಬ ಸಂಕೇತಮಾಲೆಯನ್ನು ಆರಂಭಿಸಿತು. ಅದರಲ್ಲಿ ಹೃದಯಬಡಿತಕ್ಕೆ 8867-4, ಉಸಿರಾಟಕ್ಕೆ 9279-1, ದೇಹತಾಪಕ್ಕೆ 8310-5 ಎಂಬ ಸಂಕೇತಗಳಿವೆ. ರಕ್ತದೊತ್ತಡದ ಮೇಲಿನ ಅಂಕಿಗೆ 8480-6, ಕೆಳಗಿನದಕ್ಕೆ 8462-4. ಇವೆರಡನ್ನೂ ಒಟ್ಟುಗೂಡಿಸುವುದಕ್ಕೆ 85354-9. ಅಡ್ಡಗೆರೆಯ ಮುಂದಿನ ಅಂಕೆಯು ಬರವಣಿಗೆಯ ತಪ್ಪನ್ನು ಪತ್ತೆಹಚ್ಚುವ ಕಾವಲುಗಾರ.

ಹೆಸರೊಂದೇ ಸಾಲದು, ಮಾನವೂ ಜೊತೆಗಿರಬೇಕು. 38 ಎಂಬುದು ಸೆಲ್ಸಿಯಸ್‌ನಲ್ಲಿ ಜ್ವರ. ಫ್ಯಾರನ್‌ಹೀಟ್‌ನಲ್ಲಾದರೋ ಅದು ಜೀವಂತ ಮನುಷ್ಯನ ತಾಪವೇ ಅಲ್ಲ. ಆದುದರಿಂದ ಮಾನಗಳನ್ನು ಬರೆಯುವುದಕ್ಕೂ ‘ಯೂಕಮ್’ ಎಂಬ ನಿಯತ ಪದ್ಧತಿಯೊಂದಿದೆ. ಈ ಸಂಕೇತವನ್ನೂ ಮಾನವನ್ನೂ ಹೊತ್ತು ಅಂಕಿಯು ಒಂದು ಯಂತ್ರದಿಂದ ಇನ್ನೊಂದಕ್ಕೆ ಪ್ರಯಾಣ ಮಾಡುವ ಲಕೋಟೆಗೆ ‘ಫೈರ್’ ಎಂದು ಹೆಸರು.

ಇದು ಪರದೇಶದ ಸರಕಲ್ಲವೇ ಎಂದು ಕೆಲವರು ಕೇಳಬಹುದು. ಲಾಯಿಂಕ್‌ನ ಬಳಕೆಗೆ ಶುಲ್ಕವಿಲ್ಲ. ಅಂಕೆಗೆ ಭಾಷೆಯೂ ಇಲ್ಲ. ಒಳಗೆ 8310-5 ಇದ್ದರೆ ಹೊರಗಿನ ಪರದೆಯ ಮೇಲೆ ‘ದೇಹತಾಪ’ವೆಂದು ಕನ್ನಡದಲ್ಲಿಯೇ ತೋರಿಸಲಡ್ಡಿಯಿಲ್ಲ. ಸ್ವಭಾಷೆಗೆ ಇದರಿಂದ ಹಾನಿಯಿಲ್ಲ, ಅನುಕೂಲವೇ ಉಂಟು. ನಿಜವಾದ ಪರಾಧೀನತೆಯು ಬೇರೆಡೆಯಲ್ಲಿದೆ. ಖಾಸಗಿ ಕಂಪನಿಯೊಂದು ತನಗೆ ಮಾತ್ರ ತಿಳಿಯುವ ಹೆಸರುಗಳಲ್ಲಿ ಅಂಕಿಗಳನ್ನು ಕೂಡಿಟ್ಟರೆ, ಆಸ್ಪತ್ರೆಯು ಆ ಕಂಪನಿಯನ್ನು ಬಿಡುವುದೇ ಕಷ್ಟವಾಗುವುದು. ಅದೇ ನಾವು ಅಂಜಬೇಕಾದ ದಾಸ್ಯ.

ಭಾರತ ಸರ್ಕಾರವು 2016ರ ವೈದ್ಯಕೀಯ ದಾಖಲೆಗಳ ಮಾನದಂಡಗಳಲ್ಲಿ ಲಾಯಿಂಕನ್ನು ಸೇರಿಸಿದೆ. 2021ರ ಸೆಪ್ಟೆಂಬರ್ 27ರಂದು ಇಡೀ ದೇಶಕ್ಕಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ‘ಫೈರ್’ ಪದ್ಧತಿಯನ್ನೇ ಅವಲಂಬಿಸಿದೆ. ರೋಗಿಯ ಒಪ್ಪಿಗೆಯಿಂದಲೇ ದಾಖಲೆಯು ಸಾಗಬೇಕೆಂಬುದು ಅದರ ನಿಯಮ. ಕಾಗದದ ಮೇಲೆ ಕೊರತೆಯಿಲ್ಲ. ಆಚರಣೆಯಲ್ಲಿ ದೃಢತೆ ಬೇಕಾಗಿದೆ. ಏಕಸಂಕೇತವನ್ನು ಅರಿಯದ ಯಂತ್ರವನ್ನು ಸಾರ್ವಜನಿಕ ಹಣದಿಂದ ಕೊಳ್ಳಲಾಗದೆಂಬ ಕಟ್ಟಳೆಯು ಪ್ರತಿಯೊಂದು ಖರೀದಿಯಲ್ಲಿಯೂ ಇರತಕ್ಕದ್ದು. ಅಂಕಿಯನ್ನು ದಾಖಲಿಸುವ ದಾದಿಯರ ಹೊರೆಯು ಇದರಿಂದ ಹೆಚ್ಚಕೂಡದು. ಸಂಕೇತವನ್ನು ಹಚ್ಚುವುದು ಯಂತ್ರದ ಕೆಲಸವೇ ಆಗಬೇಕು.

ದೇಹದ ಅಳತೆಯು ಆಸ್ಪತ್ರೆಯ ಸೊತ್ತಲ್ಲ, ಕಂಪನಿಯ ಸೊತ್ತೂ ಅಲ್ಲ. ರೋಗಿಯು ಹೋದಲ್ಲಿಗೆ ಅದು ಅವನೊಡನೆ ಹೋಗಬೇಕು. ಹೋದಲ್ಲೆಲ್ಲ ಒಂದೇ ಅರ್ಥವನ್ನು ಕೊಡಬೇಕು. ಸೇರು ಕೊಳಗಗಳನ್ನು ಸರಿಪಡಿಸಿದ ದೇಶಕ್ಕೆ ಇದು ಅಸಾಧ್ಯವಲ್ಲ.