ಯಾರದೋ ಮರಳು, ನಮ್ಮ ಗೂಡು

ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಎದುರಿಗೆ ಮರಳಿನ ರಾಶಿ ಬಿದ್ದಿರುತ್ತಿತ್ತು. ಸಂಜೆ ಗಾರೆಯವರು ಹೊರಟ ಮೇಲೆ ಆ ರಾಶಿ ನಮ್ಮದು. ಹಸಿ ಮರಳೊಳಗೆ ಪಾದ ಇಟ್ಟು, ಮೇಲೆ ಮರಳು ಒಟ್ಟಿ, ತಟ್ಟಿ ತಟ್ಟಿ ಗಟ್ಟಿ ಮಾಡಿ, ಉಸಿರು ಬಿಗಿಹಿಡಿದು ಪಾದ ಎಳೆದುಕೊಂಡರೆ ಗುಬ್ಬಿಗೂಡು ತಯಾರು. ಬೆಳಿಗ್ಗೆ ಶಾಲೆಗೆ ಹೊರಡುವಷ್ಟರಲ್ಲಿ ಗಾರೆಯವರ ಬಾಂಡ್ಲಿಯೊಳಗೆ ನಮ್ಮ ಗೂಡೂ ಹೋಗಿರುತ್ತಿತ್ತು. ಯಾರನ್ನೂ ಬೈಯುವ ಹಾಗಿರಲಿಲ್ಲ. ಮರಳು ಅವರದು.

ಕಂಪ್ಯೂಟರ್ ಆಟಗಳ ಲೋಕದಲ್ಲಿ ‘ಸ್ಯಾಂಡ್‌ಬಾಕ್ಸ್’ ಅನ್ನುವುದು ಇಂಥ ಮರಳಿನ ರಾಶಿಗೇ. ಇಂಥದ್ದೇ ಮಾಡು, ಇಲ್ಲಿಗೇ ಹೋಗು ಎಂದು ಆಟ ಹೇಳುವುದಿಲ್ಲ. ಅಗೆಯಬಹುದು, ಕಟ್ಟಬಹುದು, ಕೆಡವಬಹುದು. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಜನರ ಮುಂದಿಟ್ಟ ಮೈನ್‌ಕ್ರಾಫ್ಟ್ ಈ ಬಗೆಯ ಆಟಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಅಲ್ಲಿನ ಬೆಟ್ಟ, ಕೆರೆ, ಮರ ಎಲ್ಲವೂ ಒಂದೊಂದು ಮೀಟರಿನ ಚೌಕ ಇಟ್ಟಿಗೆಗಳು. 2023ರ ಹೊತ್ತಿಗೆ ಅದರ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಆ ಆಟದ ಅಂಗಳದಲ್ಲೇ ಬೆಳೆದ ಒಂದು ಸರ್ವರ್, ಮುಂದೆ ತನ್ನದೇ ಮರಳು ತರಿಸಿಕೊಂಡು ಸ್ವತಂತ್ರ ಆಟವಾಗಿ ನಿಲ್ಲಲು ಹತ್ತು ವರ್ಷ ಪಟ್ಟ ಪಾಡು ಈ ಲೇಖನದ ವಿಷಯ. ಸರ್ವರಿನ ಹೆಸರು ಹೈಪಿಕ್ಸೆಲ್. ಆಟದ ಹೆಸರು ಹೈಟೇಲ್.

ಮೈನ್‌ಕ್ರಾಫ್ಟನ್ನು ಒಬ್ಬರೇ ಆಡಬಹುದು. ಜೊತೆಯಾಗಿ ಆಡಬೇಕೆಂದರೆ ಯಾರಾದರೊಬ್ಬರು ಸರ್ವರ್ ನಡೆಸಬೇಕು. ಊರ ಜಾತ್ರೆಗೆ ಒಬ್ಬರು ಗದ್ದೆ ಬಿಟ್ಟುಕೊಟ್ಟು, ದೀಪ ಹಾಕಿಸಿ, ಬಂದವರನ್ನು ವಿಚಾರಿಸಿಕೊಂಡ ಹಾಗೆ ಇದು. ಆಟಗಾರನ ಕಂಪ್ಯೂಟರ್‌ನಲ್ಲಿ ಇರುವುದು ಚಿತ್ರ ತೋರಿಸುವ ಭಾಗ. ಯಾವ ಇಟ್ಟಿಗೆ ಎಲ್ಲಿದೆ, ಯಾರು ಯಾರಿಗೆ ಹೊಡೆದರು, ಯಾರು ಉಳಿದರು ಎಂಬ ಲೆಕ್ಕವೆಲ್ಲ ಸರ್ವರಿನದು. ಆ ಲೆಕ್ಕ ಸೆಕೆಂಡಿಗೆ 20 ಸಲ ನಡೆಯುತ್ತದೆ. ಸರ್ವರಿನವರು ಅದರೊಳಗೆ ತಮ್ಮ ಪ್ಲಗಿನ್‌ಗಳನ್ನು ಸೇರಿಸಿ ನಿಯಮಗಳನ್ನೇ ಬೇರೆ ಮಾಡಬಹುದು. ಅಲ್ಲಿಂದ ಶುರುವಾಗುತ್ತದೆ ಅವರ ಕಸುಬು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೈಮನ್ ಕಾಲಿನ್ಸ್ ಲಾಫ್ಲಾಮ್ ಮತ್ತು ಫಿಲಿಪ್ ಟುಶೆಟ್ ಎಂಬ ಗೆಳೆಯರು ಮೊದಲು ಮಾಡುತ್ತಿದ್ದದ್ದು ಮೈನ್‌ಕ್ರಾಫ್ಟಿನೊಳಗೆ ಆಡುವ ಸಾಹಸದ ಮ್ಯಾಪ್‌ಗಳನ್ನು. ಅವರ ‘ಹೀರೋಬ್ರೈನ್ಸ್ ಮ್ಯಾನ್ಷನ್’ ಬಲು ಜನಪ್ರಿಯವಾಯಿತು. 2013ರ ಏಪ್ರಿಲ್‌ನಲ್ಲಿ ಇಬ್ಬರೂ ಹೈಪಿಕ್ಸೆಲ್ ಸರ್ವರ್ ತೆರೆದರು. ಬಂದವರು ಕಾಯುವ ಹೊತ್ತು ಕಳೆಯಲೆಂದು ಇಟ್ಟ ಚಿಕ್ಕಪುಟ್ಟ ಆಟಗಳಿಗೇ ಜನ ಮುಗಿಬಿದ್ದರು. 2021ರಲ್ಲಿ ಒಂದೇ ಹೊತ್ತಿಗೆ 2 ಲಕ್ಷ 16 ಸಾವಿರಕ್ಕೂ ಹೆಚ್ಚು ಮಂದಿ ಆ ಸರ್ವರಿನಲ್ಲಿದ್ದರು. ಅಷ್ಟು ಮಂದಿಯನ್ನು ಒಂದು ಯಂತ್ರ ತಾಳುವುದಿಲ್ಲ. ಹೊರಗಿನಿಂದ ಒಂದೇ ಬಾಗಿಲು ಕಂಡರೂ ಒಳಗೆ ಸಾಲುಸಾಲು ಯಂತ್ರಗಳು, ಬಂದವರನ್ನು ಹಂಚಿ ಕಳಿಸುವ ವ್ಯವಸ್ಥೆ.

ಅವರ ‘ಬೆಡ್ ವಾರ್ಸ್’ ಆಟವನ್ನು ನಾನು ನೋಡಿದ್ದು ಅಕ್ಕನ ಮಗನ ಪಕ್ಕ ಕೂತು. ಆಕಾಶದಲ್ಲಿ ತೇಲುವ ನಡುಗಡ್ಡೆಗಳು. ಒಂದೊಂದು ತಂಡಕ್ಕೆ ಒಂದೊಂದು, ಒಂದೊಂದರಲ್ಲೂ ಒಂದು ಹಾಸಿಗೆ. ಹಾಸಿಗೆ ಇರುವವರೆಗೆ ಸತ್ತರೂ ಮತ್ತೆ ಹುಟ್ಟಿ ಬರಬಹುದು. ಹಾಸಿಗೆ ಮುರಿದ ಮೇಲೆ ಸತ್ತರೆ ಆಟ ಮುಗಿಯಿತು. ನೆಲದಿಂದ ಕಬ್ಬಿಣ, ಚಿನ್ನ ಹುಟ್ಟುತ್ತಿರುತ್ತದೆ. ಅದನ್ನು ಕೊಟ್ಟು ಉಣ್ಣೆಯ ಇಟ್ಟಿಗೆ ಕೊಂಡು, ಕಾಲಡಿಗೆ ಒಂದೊಂದಾಗಿ ಇಡುತ್ತ, ಹಿಮ್ಮುಖವಾಗಿ ನಡೆಯುತ್ತ ಎದುರಾಳಿಯ ನಡುಗಡ್ಡೆಗೆ ಸೇತುವೆ ಹಾಕಬೇಕು. ಹುಡುಗ ಬೆನ್ನು ಬಾಗಿಸಿ, ನಾಲಿಗೆ ತುದಿ ಹೊರಗಿಟ್ಟು ಸೇತುವೆ ಹಾಕುತ್ತಿದ್ದ. ಇನ್ನೇನು ಮುಟ್ಟಬೇಕು, ಆಗಲೇ ಇಟ್ಟ ಇಟ್ಟಿಗೆ ಕಣ್ಣೆದುರೇ ಮಾಯವಾಗಿ ಕೆಳಗೆ ಬಿದ್ದ.

“ಲ್ಯಾಗ್ ಆಯ್ತು ಮಾಮ. ನಾನು ಇಟ್ಟಿದ್ದೆ, ಅದಕ್ಕೆ ಗೊತ್ತಾಗ್ಲಿಲ್ಲ.”

ಸರ್ವರ್ ಇರುವುದು ಉತ್ತರ ಅಮೆರಿಕದಲ್ಲಿ. ಇವನು ಇಟ್ಟ ಇಟ್ಟಿಗೆಯ ಸುದ್ದಿ ಸಮುದ್ರದಡಿಯ ಕೇಬಲ್ ಹಾದು ಅಲ್ಲಿಗೆ ಮುಟ್ಟಿ, ಒಪ್ಪಿಗೆ ತಿರುಗಿ ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ 20 ಸಲ ಲೆಕ್ಕ ಹಾಕುವ ಸರ್ವರಿಗೆ ಅದು ಐದು ಲೆಕ್ಕ ತಡ. ಇಟ್ಟಿಗೆ ಹುಡುಗನ ಪರದೆಯ ಮೇಲೆ ಮಾತ್ರ ಇತ್ತು. ನಿಜವಾದ ಲೆಕ್ಕದಲ್ಲಿ ಇರಲಿಲ್ಲ.

ಅದೇ ದಿನ ನಾನು ಕಂಡ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಯಾವ ಆಟಕ್ಕೆ ಹೋಗಬೇಕೆಂದು ಆರಿಸಲು ಅವನು ಕೈಲಿದ್ದ ದಿಕ್ಸೂಚಿಯನ್ನು ಒತ್ತಿದ. ಒಂದು ಪೆಟ್ಟಿಗೆ ತೆರೆದುಕೊಂಡಿತು. ಮೈನ್‌ಕ್ರಾಫ್ಟಿನಲ್ಲಿ ಕಲ್ಲು, ಕಟ್ಟಿಗೆ ತುಂಬಿಡುವ ಮಾಮೂಲಿ ಪೆಟ್ಟಿಗೆಯೇ. ಅದರ ಖಾನೆಗಳಲ್ಲಿ ಹಾಸಿಗೆ, ಕಣ್ಣು, ಕತ್ತಿ ಇಟ್ಟಿದ್ದವು. ಹಾಸಿಗೆ ಮುಟ್ಟಿದರೆ ಬೆಡ್ ವಾರ್ಸ್. ಅಂದರೆ ಪೆಟ್ಟಿಗೆ ಇಲ್ಲಿ ಪೆಟ್ಟಿಗೆಯಲ್ಲ, ಮೆನು. ಆಟಗಾರನ ಬಳಿ ಇರುವ ತಂತ್ರಾಂಶ ಮೈನ್‌ಕ್ರಾಫ್ಟಿನದು, ಅದಕ್ಕೆ ಹೊಸ ಬಟನ್ ಸೇರಿಸಲು ಸರ್ವರಿನವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಇದ್ದ ಪೆಟ್ಟಿಗೆಗೇ ಹೊಸ ಅರ್ಥ ಕೊಟ್ಟರು. ಗಾಳಿಯಲ್ಲಿ ಅಕ್ಷರ ತೇಲಬೇಕೆ? ಕವಚ ತೂಗುಹಾಕುವ ಗೂಟವೊಂದನ್ನು ನಿಲ್ಲಿಸಿ, ಅದನ್ನು ಅದೃಶ್ಯ ಮಾಡಿ, ಹೆಸರು ಮಾತ್ರ ಕಾಣಿಸುವಂತೆ ಬಿಟ್ಟರು. ಪೀಠೋಪಕರಣ ಬೇಕೆ? ಅದೇ ಅದೃಶ್ಯ ಗೂಟದ ತಲೆಯ ಮೇಲೆ ಇಟ್ಟಿಗೆ ಕೂರಿಸಿದರು. ಒಂದು ಕಡೆಗೋಲಿನಲ್ಲಿ ಊರಿಗೆಲ್ಲ ಮಜ್ಜಿಗೆ ಮಾಡುವ ಈ ಜಾಣ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ. ಇಲ್ಲದ್ದನ್ನು ಇದ್ದದ್ದರಲ್ಲೇ ಹುಟ್ಟಿಸುವುದು ಕಸುಬುದಾರಿಕೆಯ ಮೊದಲ ಗುರುತು.

ಆದರೆ ಈ ಜಾಣ್ಮೆಯಿಂದಲೇ ಮಿತಿಯೂ ಗೊತ್ತಾಗುತ್ತದೆ. ಹೊಸ ಪ್ರಾಣಿ ಬೇಕೆಂದರೆ ಇರುವ ಪ್ರಾಣಿಗೇ ವೇಷ ಹಾಕಬೇಕು. ಜೊತೆಗೆ ಮರಳಿನ ಒಡೆಯ ಯಾವಾಗ ಬಾಂಡ್ಲಿ ಹಿಡಿದು ಬರುತ್ತಾನೋ ತಿಳಿಯದು.

2014ರಲ್ಲಿ ಹಾಗೇ ಆಯಿತು. ಸರ್ವರ್ ನಡೆಸಲು ಯಂತ್ರಗಳ ಬಾಡಿಗೆ, ಪ್ರೋಗ್ರಾಮರ್‌ಗಳ ಸಂಬಳ ಬೇಕು. ಅನೇಕ ಸರ್ವರ್‌ಗಳು ಹಣ ಕೊಟ್ಟವರಿಗೆ ಆಟದಲ್ಲಿ ಹೆಚ್ಚಿನ ಬಲ ಕೊಡುತ್ತಿದ್ದವು. ಇದು ಮಕ್ಕಳ ಜೇಬಿಗೆ ಕೈಹಾಕುವ ಕೆಲಸ ಎಂಬ ದೂರು ಎದ್ದಿತು. ಮೈನ್‌ಕ್ರಾಫ್ಟಿನ ಒಡೆತನವಿದ್ದ ಮೊಜಾಂಗ್ ಸಂಸ್ಥೆ, ಗೆಲುವಿಗೆ ನೆರವಾಗುವ ಯಾವುದನ್ನೂ ಮಾರಬಾರದು, ಟೋಪಿ ಬಟ್ಟೆಯಂಥ ಅಲಂಕಾರ ಮಾತ್ರ ಮಾರಬಹುದು ಎಂದು ಗೆರೆ ಎಳೆದು, ಆಗಸ್ಟ್ 1ರ ಗಡುವು ಕೊಟ್ಟಿತು. ಆ ನಿಯಮ ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ಹತ್ತು ವರ್ಷದ ಮಗುವಿಗೆ ಗೆಲುವನ್ನು ಮಾರುವುದು ಸರಿಯಲ್ಲ. ಆದರೂ ಹೈಪಿಕ್ಸೆಲ್‌ನವರ ಆದಾಯ ದೊಡ್ಡ ಪೆಟ್ಟು ತಿಂದಿತು. ಎಷ್ಟೇ ಚೆನ್ನಾಗಿ ಉತ್ತರೂ ಗೇಣಿ ಹೊಲ ಗೇಣಿ ಹೊಲವೇ ಎಂದು ಅವರಿಗೆ ಅರಿವಾದದ್ದು ಆಗ. ಅದೇ ವರ್ಷ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಮೊಜಾಂಗನ್ನು ಕೊಂಡಿತು. ಸಾವಿರಾರು ಸರ್ವರ್‌ಗಳಿಗೆ ಆಧಾರವಾಗಿದ್ದ ‘ಬಕ್ಕಿಟ್’ ಎಂಬ ತಂತ್ರಾಂಶ ಕೃತಿಸ್ವಾಮ್ಯದ ತಗಾದೆಯಲ್ಲಿ ಸಿಕ್ಕಿ ನಿಂತುಹೋದದ್ದೂ ಅದೇ ವರ್ಷ.

2015ರಲ್ಲಿ ಅವರು ಸ್ವಂತ ಆಟಕ್ಕೆ ಕೈಹಾಕಿದರು.

ಮನೆ ಕಟ್ಟಿ ನೋಡು ಎನ್ನುತ್ತಾರೆ. ಸರ್ವರಿನಿಂದ ಹೊರಟು ಆಟ ಮಾಡುವವರಿಗೆ ಆ ಮಾತು ಅಡಿಪಾಯದಿಂದಲೇ ಅನ್ವಯ. ಬಾಡಿಗೆ ಮನೆ ಬಿಡುವಾಗ ನಮ್ಮ ಪಾತ್ರೆಪಗಡೆ ತರಬಹುದು. ಬಾಗಿಲು ಕಿಟಕಿ ಕಿತ್ತು ತರುವಂತಿಲ್ಲ. ಮೈನ್‌ಕ್ರಾಫ್ಟಿನ ಕೋಡ್, ಚಿತ್ರ, ಶಬ್ದ, ಹೆಸರು ಒಂದನ್ನೂ ಮುಟ್ಟುವಂತಿಲ್ಲ. ಚೌಕ ಇಟ್ಟಿಗೆಗಳಲ್ಲಿ ಲೋಕ ಕಟ್ಟುವ ಕಲ್ಪನೆ ಮಾತ್ರ ಯಾರ ಸ್ವತ್ತೂ ಅಲ್ಲ. ಮೈನ್‌ಕ್ರಾಫ್ಟೇ ಅದನ್ನು ‘ಇನ್ಫಿನಿಮೈನರ್’ ಎಂಬ ಹಿಂದಿನ ಆಟದಿಂದ ಕಲಿತದ್ದು. ಉಳಿದಂತೆ ಬೆಳಕು ಬೀಳುವ ಬಗೆ, ನೀರು ಹರಿಯುವ ಬಗೆ, ಪಾತ್ರದ ನಡಿಗೆ, ನೆಲ ಹುಟ್ಟಿಸುವ ಗಣಿತ, ಲಾಗಿನ್, ಹಣ ಪಾವತಿ, ಮೋಸಗಾರರನ್ನು ಹಿಡಿಯುವ ಕಾವಲು ಎಲ್ಲವೂ ಹೊಸದಾಗಿ ಆಗಬೇಕು. ಹಿಂದೆ ಒಡೆಯ ಮಾಡಿಕೊಡುತ್ತಿದ್ದ ಕೆಲಸಗಳು ಎಷ್ಟಿದ್ದವೆಂದು ಲೆಕ್ಕ ಸಿಗುವುದು ಆಗಲೇ.

ಪರರ ಆಟದ ಮೇಲೆ ಹುಟ್ಟಿ ಸ್ವಂತವಾಗಿ ನಿಂತವರು ಇವರಿಗೆ ಮುಂಚೆಯೂ ಇದ್ದರು. ‘ಕೌಂಟರ್ ಸ್ಟ್ರೈಕ್’ ಹುಟ್ಟಿದ್ದು 1999ರಲ್ಲಿ, ‘ಹಾಫ್ ಲೈಫ್’ ಆಟದ ಮೇಲಿನ ಹವ್ಯಾಸಿ ಬದಲಾವಣೆಯಾಗಿ. ಅಲ್ಲಿ ಆಟದ ಒಡೆಯರಾದ ವಾಲ್ವ್ ಸಂಸ್ಥೆಯೇ ಹುಡುಗರನ್ನು ಕರೆದು ಮನೆಯೊಳಗೆ ಕೂರಿಸಿಕೊಂಡಿತು. ‘ಡೇಝಡ್’ 2012ರಲ್ಲಿ ‘ಆರ್ಮಾ 2’ರ ಮೇಲೆ ಹುಟ್ಟಿ, 2013ರ ಡಿಸೆಂಬರ್‌ನಲ್ಲಿ ಅರೆಬರೆಯಾಗಿಯೇ ಸ್ವತಂತ್ರವಾಗಿ ಮಾರಾಟಕ್ಕೆ ಬಂದು, ಪೂರ್ಣವೆನಿಸಿಕೊಳ್ಳಲು ಇನ್ನೂ ಐದು ವರ್ಷ ತೆಗೆದುಕೊಂಡಿತು. ಅದಕ್ಕೂ ಮೂಲ ಆಟದ ಒಡೆಯರ ಆಸರೆ ಇತ್ತು. ಹೈಪಿಕ್ಸೆಲ್‌ನವರಿಗೆ ಅಂಥ ಆಸರೆ ಇರಲಿಲ್ಲ. ಮೊದಮೊದಲು ಸರ್ವರ್ ದುಡಿದು ಆಟವನ್ನು ಸಾಕಬೇಕಿತ್ತು. ಹಿರಿಯ ಮಗ ದುಡಿದು ಕಿರಿಯನನ್ನು ಓದಿಸಿದ ಹಾಗೆ.

2018ರ ಡಿಸೆಂಬರ್ 13ರಂದು ಹೈಟೇಲ್‌ನ ಟ್ರೇಲರ್ ಹೊರಬಂತು. ಕೋಟಿಗಟ್ಟಲೆ ಜನ ನೋಡಿದರು. ಸ್ವಲ್ಪ ದಿನದಲ್ಲೇ 25 ಲಕ್ಷ ಮಂದಿ ಮೊದಲು ಆಡಿ ನೋಡಲು ಹೆಸರು ಬರೆಸಿದರು. ಆರ್ಬಿಸ್ ಎಂಬ ಲೋಕ, ಮರಿ ಮರಗಳಂತೆ ಓಡಾಡುವ ಪುಟ್ಟ ಜೀವಿಗಳು, ಪಾತಾಳದ ಗುಹೆಗಳು, ಜೊತೆಗೆ ಆಟದೊಳಗೇ ಆಟ ಮಾಡುವ ಸಲಕರಣೆಗಳು. ಮೊದಲೇ ಹಣ ಹೂಡಿದ್ದ ರಯಟ್ ಗೇಮ್ಸ್ 2020ರಲ್ಲಿ ಹೈಟೇಲ್ ಮಾಡುತ್ತಿದ್ದ ಹೈಪಿಕ್ಸೆಲ್ ಸ್ಟುಡಿಯೋಸನ್ನು ಪೂರ್ತಿ ಕೊಂಡಿತು. ಸರ್ವರ್ ಮಾತ್ರ ಬೇರೆಯಾಗಿಯೇ ಉಳಿಯಿತು.

ಆಮೇಲಿನದು ಓದಲು ಸಂಕಟವಾಗುವ ಭಾಗ. 2021ರಲ್ಲಿ ಎಲ್ಲರೂ ಆಡಬಹುದು ಎಂದಿದ್ದರು. ಆ ವರ್ಷ ಬಂದಾಗ 2023ಕ್ಕೆ ಮುಂಚೆ ಆಗದು ಎಂದರು. 2022ರಲ್ಲಿ, ಆಟವನ್ನು ಓಡಿಸುವ ಮೂಲ ತಂತ್ರಾಂಶವಾದ ಎಂಜಿನ್ನನ್ನೇ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮತ್ತೆ ಬರೆಯುತ್ತಿದ್ದೇವೆ ಎಂದು ತಿಳಿಸಿದರು. ಮೊದಲಿನದರಲ್ಲಿ ಸರ್ವರ್ ಜಾವಾದಲ್ಲಿತ್ತು, ಆಟಗಾರನ ಕಡೆಯ ಭಾಗ ಸಿ ಶಾರ್ಪ್‌ನಲ್ಲಿತ್ತು. ಪ್ಲೇಸ್ಟೇಷನ್‌ನಂಥ ಯಂತ್ರಗಳಲ್ಲೂ ಮೊಬೈಲಿನಲ್ಲೂ ಓಡಬೇಕೆಂದರೆ ಹೊಸ ಎಂಜಿನ್ ಬೇಕು ಎಂಬ ವಾದದಲ್ಲಿ ತಪ್ಪಿಲ್ಲ. ಆದರೆ ಗೃಹಪ್ರವೇಶಕ್ಕೆ ಕರೆದ ಮೇಲೆ ಅಡಿಪಾಯ ಕಿತ್ತರೆ ಬಂದವರು ಎಲ್ಲಿ ಕೂರಬೇಕು? ಎಂಜಿನ್ ಬದಲಿಸಿದಾಗ ಅದರ ಮೇಲೆ ನಿಂತಿದ್ದ ಪ್ರತಿ ಪ್ರಾಣಿ, ಪ್ರತಿ ಸಲಕರಣೆ ಮತ್ತೆ ಹೊಸದಾಗಿ ನಿಲ್ಲಬೇಕಾಗುತ್ತದೆ. 2025ರ ಜೂನ್ 23ರಂದು, ಹೈಟೇಲ್ ಕೆಲಸ ನಿಲ್ಲಿಸಿದ್ದೇವೆ, ಸ್ಟುಡಿಯೋ ಮುಚ್ಚುತ್ತಿದ್ದೇವೆ ಎಂಬ ಪ್ರಕಟಣೆ ಬಂತು. ಟ್ರೇಲರ್ ನೋಡಿ ಹೆಸರು ಬರೆಸಿದಾಗ ಹನ್ನೆರಡು ವರ್ಷದವರಾಗಿದ್ದ ಮಕ್ಕಳು ಅಷ್ಟರಲ್ಲಿ ಕಾಲೇಜಿನಲ್ಲಿದ್ದರು.

ನನ್ನ ಅಭಿಪ್ರಾಯ ಇಷ್ಟು. ಸರ್ವರ್ ನಡೆಸುವವರಿಗೆ ಇದ್ದ ದೊಡ್ಡ ಬಲ ಕೋಡ್ ಅಲ್ಲ, ದಿನವೂ ಎದುರಿಗೆ ಆಡುತ್ತಿದ್ದ ಜನ. ಇವತ್ತು ಒಂದು ನಿಯಮ ಬದಲಿಸಿದರೆ ಸಂಜೆಯೊಳಗೆ ಸಾವಿರಾರು ಮಂದಿ ಆಡಿ, ಚೆನ್ನಾಗಿದೆಯೋ ಇಲ್ಲವೋ ತೋರಿಸಿಬಿಡುತ್ತಿದ್ದರು. ಬೆಡ್ ವಾರ್ಸ್ ಹದಗೊಂಡದ್ದು ಹಾಗೆ. ಸ್ವಂತ ಆಟಕ್ಕೆ ಹೊರಟಾಗ ಬಾಗಿಲು ಮುಚ್ಚಿಕೊಂಡು ವರ್ಷಗಟ್ಟಲೆ ಕೂತರು. ಪ್ರೇಕ್ಷಕರಿಲ್ಲದೆ ತಾಲೀಮು ಮಾಡುತ್ತ ಹೋದರೆ ಯಾವ ಪ್ರಸಂಗವೂ ರಂಗಕ್ಕೆ ಬರುವುದಿಲ್ಲ.

2025ರ ನವೆಂಬರ್‌ನಲ್ಲಿ ಸೈಮನ್ ಕಾಲಿನ್ಸ್ ಲಾಫ್ಲಾಮ್ ರಯಟ್‌ನಿಂದ ಹೈಟೇಲನ್ನು ಮರಳಿ ಕೊಂಡರು. ಚದುರಿಹೋಗಿದ್ದ ಹಳೆಯ ಕೆಲಸಗಾರರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕರೆತಂದರು. ಹೊಸ ಎಂಜಿನ್ ಬದಿಗಿಟ್ಟು, ವರ್ಷಗಳ ಹಿಂದೆ ಕೈಬಿಟ್ಟಿದ್ದ ಜಾವಾ ಮತ್ತು ಸಿ ಶಾರ್ಪ್‌ನ ಹಳೆಯದನ್ನೇ ಧೂಳು ಕೊಡವಿ ಎತ್ತಿಕೊಂಡರು. ಇನ್ನೂ ಪೂರ್ತಿಯಾಗಿಲ್ಲ, ಆಡುತ್ತ ಬೆಳೆಸೋಣ ಎಂದು ಮುಚ್ಚುಮರೆಯಿಲ್ಲದೆ ಹೇಳಿ 2026ರ ಜನವರಿ 13ರಂದು ಜನರಿಗೆ ಒಪ್ಪಿಸಿದರು. ಏಳು ವರ್ಷ ಕಾದದ್ದು ಎರಡು ತಿಂಗಳಲ್ಲಿ ಬಾಗಿಲಿಗೆ ಬಂತು.

ಬಾಡಿಗೆದಾರನಾಗಿ ಕಷ್ಟಪಟ್ಟವನು ಮನೆ ಕಟ್ಟಿಸಿದರೆ ಹೇಗಿರುತ್ತದೆ ಎಂಬುದು ಹೈಟೇಲ್‌ನ ಒಳಗಟ್ಟಿನಲ್ಲೇ ಕಾಣುತ್ತದೆ. ಇಲ್ಲಿ ಒಬ್ಬರೇ ಆಡುವಾಗಲೂ ಹಿಂದೆ ಒಂದು ಸರ್ವರ್ ಓಡುತ್ತಿರುತ್ತದೆ. ಹೊಸ ಪ್ರಾಣಿ, ಹೊಸ ಇಟ್ಟಿಗೆ, ಹೊಸ ಶಬ್ದ ಏನೇ ಇದ್ದರೂ ಸರ್ವರೇ ಆಟಗಾರನಿಗೆ ಕಳಿಸುತ್ತದೆ; ಆಟಗಾರ ಏನನ್ನೂ ಹುಡುಕಿ ಹಾಕಿಕೊಳ್ಳಬೇಕಿಲ್ಲ. ಪೆಟ್ಟಿಗೆಗೆ ಮೆನುವಿನ ವೇಷ, ಗೂಟಕ್ಕೆ ಕುರ್ಚಿಯ ವೇಷ ಹಾಕುವ ಅಗತ್ಯವಿಲ್ಲ. ಬೇಕಾದ ಕುರ್ಚಿಯನ್ನೇ ಕೆತ್ತಬಹುದು. ಸರ್ವರ್ ನಡೆಸುವ ತಂತ್ರಾಂಶವನ್ನೂ ಆಟದ ಜೊತೆಗೇ ಕೊಟ್ಟಿದ್ದಾರೆ.

ಅಕ್ಕನ ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಮೊನ್ನೆ ಹೋದಾಗ ಮನೆಯ ಕಂಪ್ಯೂಟರ್‌ನಲ್ಲಿ ಸರ್ವರ್ ಎಬ್ಬಿಸಿಕೊಂಡಿದ್ದ. ತಂಗಿ ಪಕ್ಕದ ಕೋಣೆಯಿಂದ ಬಂದು ಸೇರಿದ್ದಳು. ಇಬ್ಬರೂ ಕಂದರದ ಮೇಲೆ ಆ ಕಡೆ ಈ ಕಡೆಯಿಂದ ಸೇತುವೆ ಹಾಕುತ್ತಿದ್ದರು. ನಡುವೆ ಒಂದೇ ಇಟ್ಟಿಗೆಯ ಸಂದು ಉಳಿದಿತ್ತು.

“ಇಡ್ಲಾ?” ಅಂತ ಅವಳು ಒಳಗಿನಿಂದ ಕೂಗಿದಳು.

“ಇಡು.”

ಇಟ್ಟಳು. ಇಟ್ಟಲ್ಲೇ ಕೂತಿತು.